ನೀರಲ್ಲಿ ನೆನೆದ ಕೋಲು

ನಮ್ಮ ಮನೆತನದಲ್ಲಿ ಯಾರೂ ಪದವಿ ಮುಗಿಸಲಾರರು ಎಂದು ಹೇಳಿದವರು ಹೊರಗಿನವರಲ್ಲ, ನನ್ನನ್ನು ಸಾಕಿದ ದೊಡ್ಡಪ್ಪ. ನಾನು ಪಿಯುಸಿ ಪಾಸಾಗಿ ಓಣಿಗೆಲ್ಲ ಪೇಡೆ ಹಂಚಿ ಬಂದ ದಿನವೇ ಅವರು ಕಟ್ಟೆಯ ಮೇಲೆ ಕುಳಿತು ಅಂದಿದ್ದರು: “ಬಡಿಗ್ಯಾರ ಮನ್ಯಾಗ ಪೆನ್ಸಿಲ್ ಕಿವಿ ಮ್ಯಾಲ ಇರತೈತಿ ಸಾವಿ, ಕೈಯಾಗ ನಿಲ್ಲಂಗಿಲ್ಲ. ನಿಮ್ಮಪ್ಪ ಓದಿದ್ನಾ? ನನ್ನ ಮಗ ಓದಿದ್ನಾ? ಡಿಗ್ರಿ ಅನ್ನೂದು ನಮಗ ಆಗೂ ಮಾತಲ್ಲ.” ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ತಾವು ಕಂಡದ್ದನ್ನು ಅಂದಿದ್ದರು. ಆದರೆ ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಉಳಿಯಿತು.

ಈಗ ಹೇಳುತ್ತಿರುವುದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದೆ.

ನಮ್ಮೂರು ಬ್ಯಾಡಗಿ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ದೊಡ್ಡಪ್ಪ ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಚಕ್ಕಡಿ ಮಾಡಿಕೊಡುತ್ತಿದ್ದವರು. ಟ್ರ್ಯಾಕ್ಟರ್ ಬಂದ ಮೇಲೆ ಚಕ್ಕಡಿ ಕೇಳುವವರಿಲ್ಲದೆ ಬಾಗಿಲು, ಮಂಚ, ಲಟ್ಟಣಿಗೆ ಮಾಡುತ್ತ ಬಂದರು. ನಾನು ದಿನಾ ಬೆಳಿಗ್ಗೆ ರೈಲು ಹಿಡಿದು ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲಿ ಮರಗೆಲಸ ಮತ್ತು ವಿನ್ಯಾಸ ಕಲಿಸುವ ಬಿ.ವೋಕ್ ಎಂಬ ಪದವಿ ಇತ್ತು. ಸೇರುವವರು ಕಡಿಮೆ ಎಂದು ನಮ್ಮ ತಂಡದ ನಂತರ ಆ ಕೋರ್ಸನ್ನೇ ಮುಚ್ಚುವವರಿದ್ದರು. ಅಂದರೆ, ನಾನು ಫೇಲಾದರೆ ಮರುವರ್ಷ ಬಂದು ಕೂರುವುದಕ್ಕೆ ತರಗತಿಯೇ ಇರುವುದಿಲ್ಲ.

ಕೊನೆಯ ಪರೀಕ್ಷೆಗೆ ಬರೆಯುವುದರ ಜೊತೆಗೆ, ಸ್ವಂತ ಕೈಯಿಂದ ಒಂದು ವಸ್ತು ಮಾಡಿ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಇಡಬೇಕಿತ್ತು. ನಮ್ಮ ಮೇಡಂ ಮೊದಲೇ ಹೇಳಿದ್ದರು: “ಕುರ್ಚಿ, ಸ್ಟೂಲು ಎಲ್ಲರೂ ಮಾಡುತ್ತಾರೆ. ಬೇರೆ ಏನಾದರೂ ಯೋಚಿಸಿ. ಆದರೆ ಆ ದಿನ ವಸ್ತು ಮೇಜಿನ ಮೇಲಿರಬೇಕು. ಯಾಕೆ ಆಗಲಿಲ್ಲ ಅನ್ನುವ ಕಥೆ ನಾನು ಕೇಳುವುದಿಲ್ಲ.”

ನನಗೆ ಆ ಬೇರೆ ವಸ್ತು ಸಿಕ್ಕಿದ್ದು ರಾಣೆಬೆನ್ನೂರಿನಲ್ಲಿ. ಅಲ್ಲಿ ಒಂದು ಬೀಜದ ಅಂಗಡಿಯ ಮಹಡಿಯ ಮೇಲೆ ರಫೀಕ್ ಚಾಚಾ ಅವರ ಸ್ನೂಕರ್ ಕ್ಲಬ್ ಇದೆ. ಮೇಜಿನ ಕಾಲು ಸಡಿಲಾಗಿದೆ ಎಂದು ಅವರು ದೊಡ್ಡಪ್ಪನನ್ನು ಕರೆಸಿದ್ದರು. ಜೊತೆಗೆ ಹೋದ ನಾನು ಗೋಡೆಗೆ ಒರಗಿಸಿಟ್ಟಿದ್ದ ಆಟದ ಕೋಲುಗಳನ್ನು ನೋಡುತ್ತ ನಿಂತೆ. ಹಿಂದೆ ಹಿಡಿಯಷ್ಟು ದಪ್ಪ, ಮುಂದೆ ಹೋಗುತ್ತ ಹೋಗುತ್ತ ಕಿರುಬೆರಳಿನಷ್ಟು ಸಪೂರ. ಎಲ್ಲಿಯೂ ಒಂದು ಗಂಟಿಲ್ಲ, ಎಲ್ಲಿಯೂ ಸೊಟ್ಟಿಲ್ಲ. ಬೆಳ್ಳಗಿನ ಮೈಮೇಲೆ ಬಾಣದ ತುದಿಯಂಥ ಎಳೆಗಳು ಒಂದರ ಹಿಂದೆ ಒಂದು. ಅದು ಆ್ಯಶ್ ಎಂಬ ಪರದೇಶದ ಮರವಂತೆ.

“ಇವೆಲ್ಲಾ ಮಶೀನಿನಾಗ ಮಾಡಿದ್ದು ತಂಗಿ,” ಅಂದರು ಚಾಚಾ. “ಎಲ್ಲಾರಿಗೂ ಒಂದ ಅಳತಿ. ಕೈಲೆ ಮಾಡಿದ್ದು ಬ್ಯಾರೆ. ಆಡಾಂವ ಎತ್ತರ ಎಷ್ಟದಾನ, ಅವನ ಹಿಡಿತ ಹೆಂಗೈತಿ, ಎಲ್ಲಾ ನೋಡಿ ಮಾಡ್ತಾರ. ಅಂಥಾ ಕೋಲು ಬೇಕಂದ್ರ ನಮ್ಮ ಹುಡುಗ್ರು ದೂರದ ಊರಿಗೆ ಹೇಳಿ ತರಸ್ತಾರ. ನಮ್ಮ ಕಡೆ ಯಾರ ಮಾಡ್ತಾರ?”

“ನಾ ಮಾಡ್ತೇನ್ರಿ ಚಾಚಾ,” ಅಂದುಬಿಟ್ಟೆ.

ದೊಡ್ಡಪ್ಪ ಮೇಜಿನ ಕೆಳಗಿನಿಂದಲೇ ನಕ್ಕರು. “ದನಾ ಹೊಡಿಯೂ ಬಾರಕೋಲು ಮಾಡಾಕ ಕಾಲೇಜಿಗೆ ಹೋಗ್ಬೇಕೇನು?”

ಚಾಚಾ ಮಾತ್ರ ನಗಲಿಲ್ಲ. ಒಳಗೆ ಹೋಗಿ ಕೆತ್ತದೆ ಉಳಿದಿದ್ದ ಒಂದು ಆ್ಯಶ್ ಪಟ್ಟಿ ತಂದು ನನ್ನ ಕೈಗಿಟ್ಟರು. ಯಾರೋ ಮಾಡುತ್ತೇನೆಂದು ತರಿಸಿ ಬಿಟ್ಟುಹೋಗಿದ್ದಂತೆ. “ಇದೊಂದ ಐತಿ ನೋಡವಾ. ಕೆಡಿಸಿದ್ರ ಮತ್ತೊಂದು ಲಗೂ ಸಿಗಂಗಿಲ್ಲ. ಖರೇ ಮಾಡ್ತಿ?” ಎಂದು ಕೇಳಿದರು. ನಾನು ಹೂಂ ಎಂದೆ.

ಕಾಲೇಜಿನಲ್ಲಿ ಗೆಳತಿಯರಿಗೆ ಇದೊಂದು ತಮಾಷೆ. “ಸಾವಿತ್ರಿ ಕೋಲಾಟಕ್ಕ ಕೋಲು ಮಾಡಾಕತ್ತಾಳ, ಇನ್ನೊಂದು ಕೋಲು ಯಾರ ಕೈಯಾಗೈತೆ?” ಎಂದು ಕಾಡುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ. ಆದರೆ ಕೆಲಸಕ್ಕೆ ಕುಳಿತಾಗ ನಗು ಬರುತ್ತಿರಲಿಲ್ಲ. ಬಾಗಿಲ ಚೌಕಟ್ಟಿನ ಹಾಗೆ ಒಂದೇ ದಿನ ಕೂತು ಕೆತ್ತಿ ಮುಗಿಸುವ ಕೆಲಸ ಇದಲ್ಲ. ಸಣ್ಣ ರಂದಾ ಹಿಡಿದು ಕಾಗದದಷ್ಟು ತೆಳ್ಳಗೆ ಒಂದು ಸುತ್ತು ಹೆರೆಯಬೇಕು. ಆಮೇಲೆ ದಾರ ಕಟ್ಟಿ ತೊಲೆಗೆ ನೇತುಹಾಕಿ ಸುಮ್ಮನಿರಬೇಕು. ಹೆರೆದಾಗ ಮರದೊಳಗಿನ ಬಿಗಿ ಸಡಿಲಾಗಿ ಅದು ಸ್ವಲ್ಪ ಹೊರಳುತ್ತದೆ. ಹೊರಳುವುದೆಲ್ಲ ಹೊರಳಿ ನಿಂತ ಮೇಲೆ ಕಡಪಾ ಕಲ್ಲಿನ ಮೇಲೆ ಉರುಳಿಸಿ ನೋಡಬೇಕು. ಕೋಲಿಗೂ ಕಲ್ಲಿಗೂ ನಡುವೆ ಬೆಳಕು ಕಾಣದಿದ್ದರೆ ನೆಟ್ಟಗಿದೆ ಎಂದರ್ಥ, ಆಗ ಮತ್ತೆ ಒಂದು ಸುತ್ತು. ಚಳಿಗಾಲವೆಲ್ಲ ಹೀಗೇ ಕಳೆಯಿತು. ಅವ್ವ ನೇತಾಡುವ ಕೋಲನ್ನು ನೋಡಿ, “ನಿನ್ನ ಕೂಸು ಇನ್ನೂ ತೊಟ್ಟಲದಾಗ ಐತೇನ?” ಎಂದು ಕೇಳುತ್ತಿದ್ದಳು.

ಪರೀಕ್ಷಕರು ಬರುವುದಕ್ಕೆ ಇನ್ನು ಸುಮಾರು ಮೂರು ವಾರ ಇದ್ದಾಗ ಬರೆಯುವ ಪರೀಕ್ಷೆಗಳು ಶುರುವಾದವು. ಓದಲು ಅನುಕೂಲವೆಂದು ನಾನು ಹಾವೇರಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದುಕೊಂಡೆ. ಕೋಲಿಗೆ ಇನ್ನು ಒಂದೆರಡು ಸುತ್ತು ಹೆರೆಯುವುದಷ್ಟೇ ಬಾಕಿ ಇತ್ತು. ಪರೀಕ್ಷೆ ಮುಗಿಸಿ ಊರಿಗೆ ಬಂದು ಚೀಲ ಇಳಿಸಿ ನೋಡಿದರೆ ತೊಲೆಯಲ್ಲಿ ದಾರವಿದೆ, ಕೋಲಿಲ್ಲ.

“ಹಿತ್ತಲಕ ಹೋಗಿ ನೋಡು,” ಅಂದರು ದೊಡ್ಡಪ್ಪ. ಅವರ ಮುಖದಲ್ಲಿ ಸಂತೋಷವಿತ್ತು. “ನಿನ್ನ ಕೋಲಿಗೆ ಒಂದು ಉಪಕಾರ ಮಾಡೇನಿ.”

ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿನೊಳಗೆ ನನ್ನ ಕೋಲು ನಿಂತಿತ್ತು.

ಓದುಗರಿಗೆ ಇದು ಹುಚ್ಚಾಟವೆಂದು ಕಾಣಬಹುದು. ಆದರೆ ಚಕ್ಕಡಿ ಮಾಡುವವರ ಪದ್ಧತಿಯೇ ಅದು. ಜಾಲಿಯ ಮರ ಕಡಿದು ತಂದರೆ ಮೊದಲು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಒಳಗಿನ ರಸ ತೊಳೆದುಹೋಗುತ್ತದೆ, ಮುಂದೆ ಹುಳ ಹತ್ತುವುದಿಲ್ಲ, ಗಾಲಿ ಮೂರು ತಲೆಮಾರು ಬಾಳುತ್ತದೆ. ನಮ್ಮಜ್ಜ ಹಾಗೆ ಮಾಡಿದ್ದ, ಅವನಪ್ಪ ಹಾಗೆ ಮಾಡಿದ್ದ. ನಾನು ನೀರು ಕಾಣಿಸದೆ ಕೆತ್ತುತ್ತಿರುವುದನ್ನು ನೋಡಿ ನೋಡಿ ದೊಡ್ಡಪ್ಪನಿಗೆ ತಡೆಯಲಾಗಿರಲಿಲ್ಲ. ಡಿಗ್ರಿ ಆಗುವ ಮಾತಲ್ಲ ಎನ್ನುತ್ತಲೇ ಇದ್ದ ಮನುಷ್ಯ, ಒಳಗೊಳಗೇ ಅದು ಆಗಲಿ ಎಂದು ತಮ್ಮ ಕೈಲಾದದ್ದು ಮಾಡಿದ್ದರು.

ಆದರೆ ಇದು ಈಗಾಗಲೇ ಒಣಗಿಸಿ ಹದ ಮಾಡಿದ ಮರ. ನಾನು ಕೋಲನ್ನು ಎಳೆದು ತೆಗೆದಾಗ ಕೆಳಗಿನ ಭಾಗ ಉಬ್ಬಿತ್ತು, ಎಳೆಗಳೆಲ್ಲ ಎದ್ದು ಚಳಿಗೆ ಮೈ ಮುಳ್ಳೆದ್ದ ಹಾಗೆ ಕಾಣುತ್ತಿತ್ತು. ನೆರಳಲ್ಲಿ ಆರಲು ಇಟ್ಟೆ. ಆರುತ್ತ ಆರುತ್ತ ಅದು ಬಿಲ್ಲಿನ ಹಾಗೆ ಬಾಗಿತು. ಕಲ್ಲಿನ ಮೇಲೆ ಉರುಳಿಸಿದರೆ ಕುಂಟುವವನ ಹಾಗೆ ಎದ್ದು ಬಿದ್ದು ಹೋಗುತ್ತಿತ್ತು.

“ಜಾಲಿಗೆ ಆಗೂದು ಇದಕ್ಕ ಯಾಕ ಆಗಲಿಲ್ಲ?” ಎಂದು ದೊಡ್ಡಪ್ಪ ನಿಧಾನವಾಗಿ ಕೇಳಿದರು.

“ಕೇಳಿ ಮಾಡಬೇಕಿತ್ತು! ನನ್ನ ಡಿಗ್ರಿ ಮುಳುಗಿಸಿಬಿಟ್ರಿ ನೀವು!” ಎಂದು ಕೂಗಿ ಅಳುತ್ತ ಒಳಗೆ ಹೋದೆ. ಅವರಿಗೆ ನಾನು ಅಷ್ಟು ಜೋರು ಮಾತಾಡಿದ್ದು ಅದೇ ಮೊದಲು. ಅವತ್ತು ಅವರು ಉಣ್ಣಲಿಲ್ಲ. ಅವ್ವ ರೊಟ್ಟಿ ಇಟ್ಟುಕೊಂಡು ಕರೆದರೂ, “ಹಸಿವಿಲ್ಲವಾ” ಎಂದು ಕಟ್ಟೆಯ ಮೇಲೇ ಕುಳಿತರು.

ಮರುದಿನ ಬೆಳಿಗ್ಗೆ ನಾನು ಏಳುವುದರೊಳಗೆ ಅವರು ಸ್ನಾನ ಮಾಡಿ, ತೊಳೆದ ಧೋತರ ಉಟ್ಟು, ಟೋಪಿ ಹಾಕಿ ನಿಂತಿದ್ದರು. “ನಡಿ, ರಾಣೆಬೆನ್ನೂರಿಗೆ ಹೋಗೂಣು. ಕೈ ಮುಗುದು ಕೇಳ್ತೇನಿ. ಇನ್ನೊಂದು ಕಟಗಿ ಕೊಡ್ತಾರ.”

ಕ್ಲಬ್ಬಿನ ಮೆಟ್ಟಿಲು ಹತ್ತಿ ದೊಡ್ಡಪ್ಪ ಎಲ್ಲವನ್ನೂ ತಾವೇ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಚಾಚಾ ತಲೆಗೆ ಕೈ ಹಚ್ಚಿ ಕುಳಿತರು. “ಅರೇ ಬಡಿಗೇರ ಮಾಮಾ! ಅದೇನು ಹುಣಸೀಹಣ್ಣೇನ್ರಿ ನೆನಿ ಹಾಕಾಕ? ನನ್ನ ಹತ್ರ ಇನ್ನೊಂದಿಲ್ಲ. ಹೇಳಿದ್ರೂ ಬರೂದು ಮುಂದಿನ ತಿಂಗಳಾ.”

ಮುಂದಿನ ತಿಂಗಳು ಬಂದರೆ ನನಗೇನು ಉಪಯೋಗ? ಹೊರಡಲು ಎದ್ದೆ. ಆಗ ಮೂಲೆಯ ಚಿಕ್ಕ ಮೇಜಿನಲ್ಲಿ ಸ್ನೂಕರಿನಂಥದೇ ಇನ್ನೊಂದು ಆಟವಾದ ಪೂಲ್ ಆಡಿ ಮುಗಿಸಿದ ಒಬ್ಬ ಆಟಗಾರ ತನ್ನ ಕೋಲನ್ನು ಕೈಯಲ್ಲಿ ಹಿಡಿದು ನಡುವೆ ತಿರುವಿದ. ಕೋಲು ಎರಡಾಯಿತು. ಎರಡೂ ತುಂಡುಗಳನ್ನು ಚೀಲಕ್ಕೆ ಸೇರಿಸಿ ಹೊರಟುಹೋದ.

“ಚಾಚಾ, ಪೂಲ್ ಆಡೂ ಕೋಲು ನಡುವ ಜೋಡಿಸಿದ್ದು ಇರತೈತೇನ್ರಿ?”

“ಹೌದಲ್ಲ. ಭಾಳಷ್ಟು ಹಂಗ ಇರತಾವ. ನಡುವ ಹಿತ್ತಾಳಿ ತಿರುಪು.”

ನನಗೆ ಆಗ ಹೊಳೆಯಿತು. ನಮ್ಮ ಡ್ರಮ್ಮು ಗಿಡ್ಡ, ಕೋಲು ಉದ್ದ. ದೊಡ್ಡಪ್ಪ ದಪ್ಪ ತುದಿಯನ್ನು ಕೆಳಗೆ ಮಾಡಿ ಇಟ್ಟಿದ್ದರು. ನೀರು ಮುಟ್ಟಿದ್ದು ಕೆಳಗಿನ ಭಾಗಕ್ಕೆ ಮಾತ್ರ! ಚಾಚಾ ಅವರಿಂದ ಪೂಲ್ ಕೋಲಿನ ಮುಂದಿನ ತುಂಡಿನ ಅಳತೆಯನ್ನು ದಾರದಲ್ಲಿ ತೆಗೆದುಕೊಂಡು ಊರಿಗೆ ಓಡಿ ಬಂದೆ. ನೀರು ಏರಿದ ಗುರುತಿನಿಂದ ಇನ್ನೂ ನಾಲ್ಕು ಬೆರಳು ಮೇಲೆ ಕೊಯ್ದು, ಉಳಿದ ಸಪೂರ ತುಂಡನ್ನು ಕಲ್ಲಿನ ಮೇಲೆ ಉರುಳಿಸಿದೆ. ಉರುಳಿತು. ಬೆಳಕು ಕಾಣಲಿಲ್ಲ. ದಾರ ಹಿಡಿದು ನೋಡಿದೆ. ಬೇಕಾದ ಅಳತೆಗಿಂತ ಒಂದೇ ಒಂದು ಬೆರಳು ಹೆಚ್ಚಿತ್ತು.

ಮುಂದಿನ ತುಂಡು ಉಳಿಯಿತು. ಹಿಂದಿನ ತುಂಡಿಗೆ ಭಾರದ, ಚೆನ್ನಾಗಿ ಹದವಾದ ಮರ ಬೇಕಿತ್ತು. ದೊಡ್ಡಪ್ಪ ಏಣಿ ಹಾಕಿ ಅಟ್ಟ ಹತ್ತಿದರು. ಚಕ್ಕಡಿಯ ಅಚ್ಚಿಗೆಂದು ತಂದು, ಆ ಚಕ್ಕಡಿ ಮಾಡಿಸುವವರು ಬರದೇ ಹೋಗಿದ್ದರಿಂದ ಹಾಗೇ ಉಳಿದಿದ್ದ ದಿಂಡಲ ಮರದ ತೊಲೆಯೊಂದನ್ನು ಇಳಿಸಿದರು. ಧೂಳು ಒರೆಸಿ, “ಇದು ನೋಡು ಆಗತೈತೇನು. ಆಗಲಿಲ್ಲಂದ್ರ ಹೇಳು, ಈ ಸಲ ನಾ ಏನೂ ಮಾಡಂಗಿಲ್ಲ,” ಅಂದರು. ನಾನು ಕೈಯಲ್ಲಿ ತೂಗಿ ನೋಡಿದೆ. ಕಬ್ಬಿಣದಂಥ ಭಾರ. ಹಿಂದುಗಡೆಗೆ ಬೇಕಾದದ್ದು ಅದೇ.

ನಡುವಿನ ತಿರುಪನ್ನು ರಾಣೆಬೆನ್ನೂರಿನಲ್ಲಿ ಬೀಜದ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬರು ಲೇಥಿನ ಮೇಲೆ ಕಡೆದುಕೊಟ್ಟರು. ಅದು ಕೈಗೆ ಬರುವುದರೊಳಗೆ ನಾನು ದಿಂಡಲ ಮರ ಹೆರೆದು ಹಿಂದಿನ ತುಂಡು ಮಾಡಿಕೊಂಡಿದ್ದೆ, ಆದರೆ ದಿನಗಳು ಓಡಿದ್ದವು. ಮರಕ್ಕೆ ತೂತು ಕೊರೆದು, ತಿರುಪು ಕೂರಿಸಿ, ಸರಸು ಎಂಬ ಅಂಟು ಹಾಕಬೇಕಾದ ದಿನವೇ ಅಮಾವಾಸ್ಯೆ.

ನಮ್ಮವರು ಅಮಾವಾಸ್ಯೆಯ ದಿನ ಹತಿಯಾರ ಮುಟ್ಟುವುದಿಲ್ಲ. ಎಷ್ಟೇ ಅವಸರವಿರಲಿ, ಉಳಿ, ಬಾಚಿಗಳಿಗೆ ಅವತ್ತು ಸೂಟಿ. ಆ ದಿನ ಬಿಟ್ಟರೆ ಸರಸು ಒಣಗುವುದಕ್ಕೆ ಸಮಯ ಸಾಲುತ್ತಿರಲಿಲ್ಲ. ಅವ್ವ ಬೇಡವೇ ಬೇಡ ಅಂದಳು. ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಪೂಜೆ ಮಾಡಿ ಊದಿನಕಡ್ಡಿ ಹಚ್ಚಿದ ಹತಿಯಾರದ ಪೆಟ್ಟಿಗೆಗೆ ಕೈ ಮುಗಿದರು. ಆಮೇಲೆ ತಿರುಗಿ ಹೇಳಿದರು:

“ನಾ ಮುಟ್ಟಂಗಿಲ್ಲ. ನೀ ಮುಟ್ಟು. ನಿಂದು ಪರೀಕ್ಷಾ ಐತಿ. ಪರೀಕ್ಷಾಕ್ಕ ಅಮಾಸಿ ಇಲ್ಲ.”

“ಜನ ಏನಂತಾರ ಭಾವಾ?” ಅಂದಳು ಅವ್ವ.

“ಏನಂತಾರ? ಬಡಿಗ್ಯಾಗ ಬುದ್ಧಿ ಇಲ್ಲಂತಾರ. ಅದು ಡ್ರಮ್ಮಿನ್ಯಾಗ ಇಟ್ಟ ದಿನಾನ ಗೊತ್ತಾಗೇತಿ ಬಿಡು.”

ಇಷ್ಟು ದಿನಗಳ ಮೇಲೆ ನಾನು ನಕ್ಕದ್ದು ಆಗಲೇ. ಅವತ್ತು ದೊಡ್ಡಪ್ಪ ನನ್ನೆದುರು ಕುಳಿತರು. ಕೈಗಳು ತಾವಾಗಿಯೇ ಮುಂದೆ ಬರುತ್ತವೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ನಾನು ಕೊರೆಯುವಾಗ ಅವರ ಭುಜಗಳು ನನ್ನ ಜೊತೆ ತಿರುಗುತ್ತಿದ್ದವು. “ಹಗೂರ… ಹಗೂರ… ಸಾಕು, ಉಸುರು ಬಿಡು,” ಎನ್ನುತ್ತಿದ್ದರು. ತಿರುಪು ಕುಳಿತಿತು. ಹಿಂದಿನ ತುಂಡಿಗೆ ಅಂದಕ್ಕೆಂದು ತೇಗದ ತೆಳುವಾದ ಚೂಪು ಪಟ್ಟಿಗಳನ್ನು ಕೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿದೆ. ಬಿಚ್ಚಿದ ದಿನ ಕಪ್ಪು ಮಿಶ್ರಿತ ಕಂದು ಮರದಲ್ಲಿ ಹೊನ್ನಿನ ಬಣ್ಣದ ಮೊನೆಗಳು ಎದ್ದು ಕಂಡವು. ಮೊದಲು ನೋಡಿದವಳು ಅವ್ವ. ಅವಳು ಮುಟ್ಟಲಿಲ್ಲ. “ಖಾರದ ಕೈ,” ಎಂದು ಹಿಂದೆ ಸರಿದು ನೋಡಿದಳು.

ಪರೀಕ್ಷೆಯ ದಿನ ದೊಡ್ಡಪ್ಪ ಹಾವೇರಿಗೆ ನನ್ನ ಜೊತೆಗೇ ಬಂದು ಕಾಲೇಜಿನ ಕ್ಯಾಂಟೀನಿನಲ್ಲಿ ಕುಳಿತರು. ಒಳಗೆ ಪರೀಕ್ಷಕರು ಕೋಲನ್ನು ನೋಡಿ ಮುಖ ಗಂಟಿಕ್ಕಿದರು.

“ಇದು ಉಡಾಳರು ಆಡುವ ಆಟದ್ದಲ್ಲವೇ?”

“ಆಡಾವ್ರು ಎಂಥವ್ರು ಅನ್ನೂದು ಅವರವರಿಗೆ ಬಿಟ್ಟದ್ದು ಸರ್. ಕೋಲು ನೆಟ್ಟಗಿದ್ರ ಸಾಕು,” ಅಂದೆ. ಗಾಬರಿಯಲ್ಲಿ ನಮ್ಮೂರ ಮಾತೇ ಬಂದುಬಿಟ್ಟಿತು. ಮೇಡಂ ತಲೆ ತಗ್ಗಿಸಿದರು.

ಪರೀಕ್ಷಕರು ಕೋಲನ್ನು ಮೇಜಿನ ಮೇಲೆ ಉರುಳಿಸಿದರು. ಬಿಚ್ಚಿದರು, ಮತ್ತೆ ಜೋಡಿಸಿದರು. “ನೀವು ಮೊದಲು ಕೊಟ್ಟ ನಕ್ಷೆಯಲ್ಲಿ ಇದು ಒಂದೇ ಕೋಲು. ಇಲ್ಲಿ ಎರಡು ತುಂಡು ಇದೆ. ಯಾಕೆ?”

ಕಥೆ ಕೇಳುವುದಿಲ್ಲ ಎಂದಿದ್ದ ಮೇಡಂ ಅಲ್ಲೇ ಇದ್ದರು. ಆದರೂ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಾಲಿಮರದ ಪದ್ಧತಿ, ಡ್ರಮ್ಮು, ಬಾಗಿದ್ದು, ಕೊಯ್ದದ್ದು. ಪರೀಕ್ಷಕರು ಜೋಡಣೆಯ ಮೇಲೆ ಬೆರಳು ಆಡಿಸುತ್ತ ಕೇಳಿದರು. ಕೊನೆಗೆ, “ಜೋಡಿಸಿದ್ದು ಗಟ್ಟಿ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?” ಅಂದರು.

ಚಾಚಾ ಒಂದು ಬಿಳಿಯ ಚೆಂಡು ಕೊಟ್ಟು ಕಳಿಸಿದ್ದರು. ಮೂರು ಬೆಂಚುಗಳನ್ನು ಸೇರಿಸಿ, ಮೇಲೆ ಮೇಜಿನ ಬಟ್ಟೆ ಹಾಸಿದೆ. ಆ ತುದಿಗೆ ಬೋರ್ಡ್ ಒರೆಸುವ ಡಸ್ಟರನ್ನು ನಿಲ್ಲಿಸಿದೆ. ಬಾಗಿ ನಿಂತಾಗ ಗುರಿ ತಪ್ಪುವ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಸದ್ದಿನದು. ಜೋಡಣೆ ಸಡಿಲಿದ್ದರೆ ಹೊಡೆದಾಗ ಬಿರುಕು ಬಿಟ್ಟ ಮಡಿಕೆಯ ಹಾಗೆ ಗರ್ರೆನ್ನುತ್ತದೆ. ಗಟ್ಟಿ ಇದ್ದರೆ ಎರಡು ತುಂಡೂ ಸೇರಿ ಒಂದೇ ಸದ್ದು. ಉಸಿರು ಬಿಟ್ಟು ಹೊಡೆದೆ.

‘ಟಕ್’ ಎಂದು ಒಂದೇ ಸದ್ದು. ಚೆಂಡು ನೇರ ಹೋಗಿ ಡಸ್ಟರನ್ನು ಕೆಡವಿ, ಬೆಂಚಿನಿಂದ ಹಾರಿ, ಬಾಗಿಲ ತನಕ ಉರುಳಿಹೋಯಿತು. ಪರೀಕ್ಷಕರು ಮೊದಲ ಸಲ ನಕ್ಕರು. “ನೀರಿಗೆ ಹಾಕಿದವರು ಎಲ್ಲಿದ್ದಾರೆ?”

“ಕ್ಯಾಂಟೀನಿನಾಗ ಚಾ ಕುಡಿಯಾಕತ್ತಾರ್ರಿ.”

“ಹೋಗಿ ಹೇಳು. ಇನ್ನೊಂದು ಚಹಾ ಕುಡಿಯಲಿ. ಕೆಲಸ ಚೆನ್ನಾಗಿದೆ.”

ನಾನು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ದೊಡ್ಡಪ್ಪ ನನ್ನ ಮುಖ ನೋಡಿ ಎದ್ದು ನಿಂತರು. ಟೋಪಿ ತೆಗೆದು ಅದರಿಂದಲೇ ಕಣ್ಣು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಈಗ ನಾನು ಬ್ಯಾಡಗಿಯಲ್ಲೇ ಕೋಲು ಮಾಡುತ್ತೇನೆ. ದಾವಣಗೆರೆ, ಹುಬ್ಬಳ್ಳಿಯಿಂದ ಹುಡುಗರು ಬಂದು ತಮ್ಮ ಹಿಡಿತದ ಅಳತೆ ಕೊಟ್ಟು ಹೋಗುತ್ತಾರೆ. ಕೈಗೆ ಬಂದ ಮರ ಈಗಲೂ ಒಮ್ಮೊಮ್ಮೆ ಕೆಡುತ್ತದೆ. ಆದರೆ ಎತ್ತಿ ಒಲೆಗೆ ಹಾಕುವ ಮೊದಲು, ಕೆಡದೆ ಉಳಿದದ್ದು ಎಷ್ಟು ಎಂದು ನೋಡುವುದನ್ನು ಆ ದಿನಗಳು ನನಗೆ ಕಲಿಸಿದವು. ಮತ್ತೊಂದನ್ನೂ ಕಲಿಸಿದವು. ಆಗುವುದಿಲ್ಲ ಎಂದು ಬಾಯಲ್ಲಿ ಹೇಳುವ ಮನುಷ್ಯ ಮನಸ್ಸಿನಲ್ಲಿ ಏನು ಬೇಡಿಕೊಳ್ಳುತ್ತಿರುತ್ತಾನೋ ನಮಗೆ ಗೊತ್ತಿರುವುದಿಲ್ಲ.

ಆ ಪರೀಕ್ಷೆಯ ಮರುವರ್ಷ ಕಾಲೇಜಿನಲ್ಲಿ ಪ್ರಮಾಣಪತ್ರ ಕೊಡುವ ಕಾರ್ಯಕ್ರಮವಾಯಿತು. ಅವ್ವ ಕೆಲಸಕ್ಕೆ ರಜೆ ಹಾಕಿ, ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಬಂದಳು. ದೊಡ್ಡಪ್ಪ ತಮ್ಮ ಮಗನ ಮಗಳು, ಮೂರು ವರ್ಷದ ಗಾಯತ್ರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ನನ್ನ ಹೆಸರು ಕೂಗಿದರು. ಪ್ರಿನ್ಸಿಪಾಲರು ಪ್ರಮಾಣಪತ್ರ ಕೈಗಿಟ್ಟರು. ನಾನು ಅದನ್ನು ತಂದು ನೇರವಾಗಿ ದೊಡ್ಡಪ್ಪನ ಕೈಯಲ್ಲಿಟ್ಟೆ.

ಅವರು ಮಗುವನ್ನು ಕೆಳಗಿಳಿಸಿ, ಧೋತರಕ್ಕೆ ಕೈ ಒರೆಸಿಕೊಂಡು ತೆಗೆದುಕೊಂಡರು. ಕನ್ನಡದಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ಗೇಣು ಹಾಕಿ ಅದರ ಉದ್ದ ಅಳೆದರು, ಅಗಲ ಅಳೆದರು.

“ಚೌಕಟ್ಟು ನಾನ ಮಾಡ್ತೇನಿ,” ಅಂದರು. “ಆದ್ರ ಎರಡು ಮಾಡ್ತೇನಿ. ಒಂದರಾಗ ಇದು ಇರಲಿ. ಇನ್ನೊಂದು ಖಾಲಿದು ಬಾಜೂಕ ಹಾಕ್ತೇನಿ. ಅದನ್ನ ನೋಡ್ಕೋತ ಬೆಳೀಲಿ ಈ ಗಾಯತ್ರಿ.”